ನೀಲಿಗೆ ಅದ್ದಿದ ಪಂಚೆ

ಮಾವಾ,

ಕ್ಯಾಮೆರಾ ಅಂಗಡಿಯ ಬೋರ್ಡು ಕಂಡರೇ ಈಗ ವಾಕರಿಕೆ ಬರುತ್ತದೆ. ನೀನಿದ್ದಿದ್ದರೆ, "ಅಂಗ್ಡಿಯೋರೇನ್ ಮಾಡುದ್ರವ್ವ, ಓದೋಳು ನೀನ್ ತಾನೆ?" ಅನ್ನುತ್ತಿದ್ದೆ. ಹೌದು, ಹೋದವಳು ನಾನೇ. ಅದಕ್ಕೇ ಈ ಹೇಸಿಗೆಯಲ್ಲಿ ದೊಡ್ಡ ಪಾಲು ನನ್ನದು.

ಲಕ್ವ ಹೊಡೆದು ನೀನು ಬಿಳಿಕೆರೆಯ ಮನೆಯಲ್ಲಿ ಮಲಗಿದ ಮೊದಲ ವಾರ ನೆನಪಿದೆಯಾ? ಹುಣಸೂರಿನ ನಿನ್ನ ಸ್ಟುಡಿಯೋ ಇದ್ದದ್ದು ಮಹಡಿಯ ಮೇಲೆ. ನೀನು ಸಾಕಿದ ಉಪ್ಪುನೀರಿನ ಗಾಜಿನ ತೊಟ್ಟಿಯೂ ಅಲ್ಲೇ. ಅದರೊಳಗೆ ಹವಳ ಇದೆ ಅಂದರೆ ಫೋಟೋಗೆ ಬಂದ ಹೆಂಗಸರು ತಾಳಿಸರದ ಕೆಂಪು ಮಣಿ ಹುಡುಕುತ್ತಿದ್ದರು. ಕಲ್ಲಿಗೆ ಅಂಟಿಕೊಂಡು ಹೂವಿನಂತೆ ಬಿಚ್ಚಿಕೊಳ್ಳುವ ಜೀವವನ್ನು ನೋಡಿ ಪೆಚ್ಚಾಗುತ್ತಿದ್ದರು. ನೀನು ನನ್ನನ್ನು ಕೇಳಿದ್ದು ಒಂದೇ. "ಮೆಟ್ಲತ್ತಕ್ಕೆ ಇನ್ ನನ್ ಕೈಲಾಗಕಿಲ್ಲ. ಆ ಹವಳ ಎಂಗದೋ ಅಂಗೇ ಒಂದ್ ಪ್ರಿಂಟ್ ತಂದ್ ತೋರ್ಸವ್ವ." ಅದರ ಬಣ್ಣ ನಮ್ಮಿಬ್ಬರ ಹಳೇ ಜಗಳ: ಅಂಚು ಗುಲಾಬಿ, ನಡುವೆ ಎಳೇ ರಾಗಿ ಪೈರಿನ ಹಸಿರು ಎಂದು ನೀನು, ಎಲ್ಲಾ ಒಂದೇ ನೀಲಿ, ಹಸಿರೆಲ್ಲಿದೆ ಎಂದು ನಾನು. ತೊಟ್ಟಿಯ ನೀಲಿ ಟ್ಯೂಬ್‌ಲೈಟಿನ ಕೆಳಗೆ ರೀಲಿನಲ್ಲಿ ತೆಗೆದದ್ದೆಲ್ಲ ಶಾಯಿ ಚೆಲ್ಲಿದ ಹಾಗೆ ಬರುತ್ತಿತ್ತಲ್ಲ.

ಕೆ.ಆರ್. ನಗರದ ಮದುವೆ ಫೋಟೋಗಳಲ್ಲಿ ನೀನು ಮೊದಲು ನೋಡುತ್ತಿದ್ದದ್ದು ಗಂಡಿನ ಪಂಚೆ. "ಪಂಚೆ ಬೆಳ್ಳಗ್ ಬಂದ್ರೆ ಮಿಕ್ಕಿದ್ ಬಣ್ಣ ತಾನಾಗ್ ಬತ್ತವೆ ಕಣವ್ವ." ಆ ಮಾತು ನಂಬಿಯೇ, ಯಾವುದು ಬಿಳಿ ಎಂದು ತೋರಿಸಿ ಕಲಿಸಬಹುದಾದ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಆರಿಸಿ ತಂದೆ, ನಮ್ಮ ಸ್ಟುಡಿಯೋಗೆ ಮೊದಲನೆಯದು. ಅತ್ತೆಯ ಹತ್ತಿರ ನಿನ್ನದೊಂದು ಪಂಚೆ ಇಸಕೊಂಡು, ತೊಟ್ಟಿಯ ಬೆಳಕಿಗೆ ಹಿಡಿದು, ಇದೇ ಬಿಳಿ ಎಂದು ಕ್ಯಾಮೆರಾಕ್ಕೆ ಕಲಿಸಿದೆ. ಪ್ರಿಂಟು ಕೈಗೆ ಕೊಟ್ಟಾಗ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ಥೂ! ಇದ್ಕೇನವ್ವ, ಕಾಮಾಲೆ ಬಂದದಾ?" ಹವಳವೆಲ್ಲ ಹಳದಿ. ನೀನು ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ.

ಆಗ ನಾನು ಮಾಡಿದ್ದೇನು? ಕ್ಯಾಮೆರಾವನ್ನು ಬೈದು ಬೀರುವಿಗೆ ತುರುಕಿದೆ. ಭಾನುವಾರ ಬಂದರೆ ಮೈಸೂರು, ಬೇರೆ ಕ್ಯಾಮೆರಾ ಹುಡುಕುತ್ತಾ ಅಂಗಡಿಯಿಂದ ಅಂಗಡಿಗೆ. ಎಣ್ಣೆ ಹಚ್ಚಿದಂಥ ನಗೆಯ ಒಬ್ಬ, "ಅದ್ರಲ್ಲಿ ಮೆಗಾಪಿಕ್ಸೆಲ್ ಕಮ್ಮಿ ಮೇಡಂ, ಇದ್ರಲ್ಲಿ ಬಣ್ಣ ನೋಡಿ" ಎಂದು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೂವಿನ ಫೋಟೋ ಹೊಡೆದು ತೋರಿಸಿದ. ಜನ್ಮದಲ್ಲಿ ಹವಳ ನೋಡಿರದ ಆ ಮನುಷ್ಯನ ಮುಂದೆ ನಾನು, ನಿನ್ನ ಕೈಯಲ್ಲಿ ಪಳಗಿದವಳು, ತಲೆಯಾಡಿಸಿದೆ! ನೆನೆದರೆ ಮೈಯೆಲ್ಲ ಮುಳ್ಳು. ಇದೋ ಅದೋ ಎನ್ನುತ್ತಲೇ ನಾಲ್ಕು ತಿಂಗಳು. ಒಂದು ಭಾನುವಾರ ಎರಡೂ ಕೈಯಲ್ಲಿ ಒಂದೊಂದು ಕ್ಯಾಮೆರಾ ಹಿಡಿದು ತೂಗಿ ನೋಡುತ್ತಿದ್ದಾಗ ಫೋನು ಬಂತು. ನೀನು...

ತಿಥಿಯ ಮಾರನೆಯ ದಿನ ಅತ್ತೆ ನಿನ್ನ ಟ್ರಂಕು ತೆಗೆದು ಕೂತಳು. ಪಂಚೆಗಳನ್ನು ಮಡಿಸುತ್ತಾ ಅಂದಳು: "ನಿಮ್ಮಾವ ಬಟ್ಟೆಗ್ ನೀಲಿ ಆಕುದ್ರೆ ಸಿಡಿಯೋರು, ಅದ್ಕೆ ಇವ್ಕೆ ಸೋಕಿಸ್ನಿಲ್ಲ. ನೀನ್ ಕ್ಯಾಮೆರಾಕ್ ಬೇಕು ಅಂದ್ಯಲ್ಲ, ಅದೊಂದ್ನ ಪಳಪಳ ಒಳೀಲಿ ಅಂತ ಎಲ್ಡ್ ಸಲ ನೀಲಿಗ್ ಅದ್ದಿ ಕೊಟ್ಟೆ ಕಣವ್ವ."

ನೀಲಿ ಬಟ್ಟೆಯನ್ನು ಬಿಳಿ ಎಂದು ಹೇಳಿಕೊಟ್ಟರೆ ಕ್ಯಾಮೆರಾ ತೊಟ್ಟಿಯ ನೀಲಿಯ ಜೊತೆಗೆ ಬಟ್ಟೆಯ ನೀಲಿಯನ್ನೂ ಕಳೆದು ಹಳದಿ ಉಳಿಸದೆ ಇನ್ನೇನು ಮಾಡುತ್ತದೆ? ಅದು ನಾನು ಹೇಳಿದಂತೆ ಕೇಳಿತ್ತು, ಅಷ್ಟೆ. ಅತ್ತೆಯದು ಪ್ರೀತಿ. ಬಟ್ಟೆಯನ್ನು ಒಮ್ಮೆ ಬಿಸಿಲಿಗೆ ಹಿಡಿದು ನೋಡದ ನನ್ನ ಕಣ್ಣಿಗೆ ಏನೆನ್ನಲಿ? ಥೂ.

ಆ ಟ್ರಂಕಿನಿಂದ ನೀಲಿ ಸೋಕದ ಒಂದು ಪಂಚೆ ತೆಗೆದುಕೊಂಡು ಹುಣಸೂರಿಗೆ ಹೋದೆ. ಬೀರುವಿನಲ್ಲಿದ್ದ ಅದೇ ಕ್ಯಾಮೆರಾ, ಒಂದೇ ಒಂದು ಫೋಟೋ. ಹಸಿರು ಇತ್ತು ಮಾವ. ಗುಲಾಬಿ ಅಂಚಿನ ನಡುವೆ, ಎಳೇ ರಾಗಿ ಪೈರಿನದ್ದೇ. ನೀನು ಗೆದ್ದೆ.

ಪ್ರಿಂಟನ್ನು ಅತ್ತೆಗೆ ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು. "ನಾನ್ ಕೊಟ್ಟಿದ್ ಪಂಚೆ ಕೆಲ್ಸಕ್ ಬಂತಾ?" ಎಂದಳು.

"ಬಂತು ಅತ್ತೆ" ಅಂದೆ.

ಅವಳಿಗೆ ನಿಜ ಹೇಳುವುದಿಲ್ಲ, ಈ ಮಾತು ತಪ್ಪುವುದಿಲ್ಲ. ಒಂದು ದಿನ ಅವಳೂ ನಿನ್ನಲ್ಲಿಗೆ ಬರುತ್ತಾಳಲ್ಲ, ನೀನೂ ಹೇಳಬೇಡ.