ಗಾಜಿನ ಮೇಲಿನ ಗೆರೆ

ಅಮ್ಮನವರಿಗೆ ನಮಸ್ಕಾರ.

ನನ್ನ ಕಾಗದ ನಿಮಗೆ ಇಷ್ಟವಾಗುತ್ತದೋ ಇಲ್ಲವೋ. "ನೀನೇ ಬರಿ, ನಂಗೆ ಕೈ ಓಡ್ತಿಲ್ಲ" ಎಂದರು ನಿಮ್ಮ ಅಳಿಯ.

ನಿಮ್ಮ ಮಗಳು ಮೀನು ಸಾಕುತ್ತಿದ್ದ ಗಾಜಿನ ತೊಟ್ಟಿ, ಅವರು ತೀರಿಕೊಂಡ ಮೇಲೆ ಒಣಗಿ ನಿಂತಿತ್ತು. ಅದರಲ್ಲಿ ಗಿಡ ಬೆಳೆಸೋಣವೇ ಎಂದು ನಿಮ್ಮ ಮೊಮ್ಮಗಳನ್ನು ಕೇಳಿದೆ. ನಾನು ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅವಳು ನನ್ನ ಮಾತಿಗೆ ಹೂಂ ಎಂದದ್ದು ಅದೇ ಮೊದಲು. ತಳಕ್ಕೆ ಜಲ್ಲಿ, ಅದರ ಮೇಲೆ ಇದ್ದಿಲು, ಆಮೇಲೆ ಮಣ್ಣು ಎಂದು ಅವಳೇ ಹೇಳಿದಳು. ಗಿಡ ಚಿಗುರಿದ ಮೇಲೆ ಒಂದು ಬಸವನಹುಳುವನ್ನೂ ಬಿಡಬೇಕಂತೆ.

ಅವಳು ಶಾಲೆಗೆ ಹೋಗಿದ್ದಾಗ ಗಾಜು ತೊಳೆಯಲು ಕೂತೆ. ಫಳಫಳ ಹೊಳೆದರೆ ಮೆಚ್ಚುತ್ತಾಳೆ ಎಂದುಕೊಂಡಿದ್ದೆ. ಹಳೆಯ ನೀರು ನಿಂತಿದ್ದ ಮಟ್ಟಕ್ಕೆ ಸುತ್ತಲೂ ಬಿಳಿ ಗೆರೆ ಕಟ್ಟಿತ್ತು. ಮೂರು ಬದಿ ಉಜ್ಜಿ ತೆಗೆಯುವಷ್ಟರಲ್ಲಿ ಅವಳು ಬಂದಳು. ಅಳಲಿಲ್ಲ. "ಅದು ಅಮ್ಮ ಹಾಕಿದ್ದ ನೀರಿಂದು" ಎಂದಷ್ಟೇ ಹೇಳಿ ಒಳಗೆ ಹೋದಳು. ಆಮೇಲೆ ನನ್ನೆದುರು ತುಟಿ ಬಿಚ್ಚಿಲ್ಲ.

ಗೋಡೆಯ ಕಡೆಗಿದ್ದ ಬದಿ ಹಾಗೇ ಉಳಿದಿದೆ. ಅದನ್ನೇ ಮುಂದಕ್ಕೆ ತಿರುಗಿಸಿಟ್ಟು, ತಳಕ್ಕೆ ಜಲ್ಲಿ ಹಾಕಿದ್ದೇನೆ. ಮಣ್ಣನ್ನೂ ಗೆರೆಗಿಂತ ಕೆಳಗೇ ನಿಲ್ಲಿಸುತ್ತೇನೆ. ನಿನ್ನೆ ಬೆಳಿಗ್ಗೆ ನೋಡಿದರೆ ಜಲ್ಲಿಯ ಮೇಲೆ ಇದ್ದಿಲು ಹರಡಿತ್ತು. ನಾನು ಹರಡಿದ್ದಲ್ಲ.

ನಿಮ್ಮ ಹಿತ್ತಲಲ್ಲಿ ನಿಮ್ಮ ಮಗಳು ನೆಟ್ಟ ಗಿಡಗಳು ಇನ್ನೂ ಇವೆಯಂತೆ. ಒಂದೆರಡನ್ನು ಬೇರುಸಮೇತ ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿಕೊಡಿ. ಜರೀಗಿಡವಾದರೆ ಒಳ್ಳೆಯದು, ಅವುಗಳ ಬುಡದ ಪಾಚಿಯಾದರೂ ಆದೀತು. ಗಾಜಿಗೆ ಹಬ್ಬುವ ಬಳ್ಳಿ ಮಾತ್ರ ಬೇಡ. ಗೆರೆ ಮುಚ್ಚಿಹೋಗುತ್ತದೆ.

ಇಂತಿ,
ನಿಮ್ಮ ಮೊಮ್ಮಗಳ ಮನೆಯಲ್ಲಿರುವವಳು