ಟಾಕಿ ಗೋಡೆಗೆ ಒಂದು ಗಿಳಿ

ಟಾಕಿ ಓಣಿ,
ಮರುಎಣಿಕೆಯ ನೂರ ಹದಿನೆಂಟನೆಯ ವರ್ಷ,
ಶ್ರಾವಣದ ಅರವತ್ತೊಂದನೆಯ ದಿನ

ಹಿರಿಯರಾದ ತಂಗೆವ್ವ ಆಯಿಯವರಿಗೆ, ನಿಮ್ಮ ಓಣಿಯವಳೇ ಆದ ಅಡಿವೆಮ್ಮನ ಶರಣು ಶರಣಾರ್ಥಿ.

ಮೇಲಿನ ತಾರೀಖು ನೋಡಿ ನೀವು ನಕ್ಕಿರಬಹುದು, ಶ್ರಾವಣಕ್ಕೆ ಅರವತ್ತು ದಿನ ಎಲ್ಲಿಂದ ಬಂತು ಎಂದು. ನಿಮ್ಮ ಕಾಲದಲ್ಲಿ ತಿಂಗಳು ಚಂದ್ರನನ್ನು ನೋಡಿಕೊಂಡು ನಡೆಯುತ್ತಿತ್ತಂತೆ. ನಮ್ಮಲ್ಲಿ ಮಳೆಯನ್ನು ನೋಡಿಕೊಂಡು ನಡೆಯುತ್ತದೆ. ಮಳೆ ನಿಲ್ಲುವ ತನಕ ಶ್ರಾವಣ ಮುಗಿಯುವುದಿಲ್ಲ. ಕೆಲವು ವರ್ಷ ಮಳೆ ಬರುವುದೇ ಇಲ್ಲ, ಆಗ ಶ್ರಾವಣವಿಲ್ಲದೆಯೇ ವರ್ಷ ದಾಟುತ್ತೇವೆ. ನನ್ನ ಮಾತುಗಳಲ್ಲಿಯೂ ನಿಮಗೆ ತಿಳಿಯದವು ಬರುತ್ತವೆ. ಆದಷ್ಟು ಬಿಡಿಸಿ ಹೇಳುತ್ತೇನೆ, ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ.

ನಾನು ಬರೆಯುತ್ತಿರುವ ಈ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಮನೆಯಲ್ಲಿ ಸಾವಾದವರು ದುಃಖವನ್ನು ಯಾರ ಮುಂದೆ ಹೇಳಿಕೊಳ್ಳಬೇಕೆಂದು ತಿಳಿಯದಾದಾಗ, ಹಿಂದಿನ ಕಾಲದವರೊಬ್ಬರನ್ನು ಆರಿಸಿಕೊಂಡು ಓಲೆ ಬರೆದು, ಗಡಿಗೆಯಲ್ಲಿಟ್ಟು ಬಾಯಿ ಮುಚ್ಚಿ ಹಿನ್ನೀರಿಗೆ ಬಿಡುತ್ತಾರೆ. ತಲುಪುತ್ತದೆಯೇ ಎಂದು ಕೇಳುವುದು ಒಳ್ಳೆಯ ನಡತೆಯಲ್ಲ. ನನ್ನ ಗಂಡ ತನ್ನ ಓಲೆಯನ್ನು ಅವರಜ್ಜನಿಗೆ ಬರೆದ. ನಾನು ನಿಮ್ಮನ್ನು ಆರಿಸಿಕೊಂಡೆ, ಯಾಕೆಂದರೆ ನನಗೆ ನಿಮ್ಮಿಂದ ಒಂದು ಕೆಲಸವಾಗಬೇಕಾಗಿದೆ.

ನಿಮ್ಮ ಬಗ್ಗೆ ನನಗೆ ಗೊತ್ತಿರುವುದೆಲ್ಲ ಬಾಯಿಂದ ಬಾಯಿಗೆ ಬಂದದ್ದು. ಹಿನ್ನೀರಿಗೆ ಊರುಗಳು ಮುಳುಗಿದಾಗ ನಿಮ್ಮನ್ನೆಲ್ಲ ಈ ಗುಡ್ಡದ ಮೇಲಿನ ಪುನರ್ವಸತಿ ಕೇಂದ್ರಕ್ಕೆ ತಂದು, ಚೀಟಿ ಎತ್ತಿ ಪ್ಲಾಟು ಹಂಚಿದರು. ಒಂದೇ ಅಂಗಳದಲ್ಲಿ ಹಪ್ಪಳ ಒಣಗಿಸಿದವರು ಒಬ್ಬರು ಆ ತುದಿಗೆ, ಒಬ್ಬರು ಈ ತುದಿಗೆ ಬಿದ್ದರು. ನೀರಿನ ಟಾಕಿಯ ಹತ್ತಿರ ಕೊಡ ಹಿಡಿದು ನಿಂತರೂ ಮಾತಿಲ್ಲ. ಆಗ ನೀವು ಟಾಕಿಯ ಸುತ್ತಲಿನ ಕಲ್ಲುಗೋಡೆಗೆ ಸುಣ್ಣ ಬಳಿದು, ಹುರಮಂಜಿನಲ್ಲಿ, ಎಂದರೆ ಗುಡ್ಡದ ಕೆಂಪು ಮಣ್ಣಿನಲ್ಲಿ, ಒಂದು ಬಾಗಿಲು ಬರೆದಿರಿ. ಏನು ಮಾಡುತ್ತಿದ್ದೀ ಎಂದು ಕೇಳಿದವರಿಗೆ, “ನಮ್ಮ ಮನಿ ಬಾಗಲಾ ನೀರಾಗ ಹೋತು, ಇಲ್ಲೆರ ಇರಲಿ” ಎಂದಿರಂತೆ. ಮರುದಿನ ಇನ್ನೊಬ್ಬಳು ಬಂದು ತನ್ನ ಬಾಗಿಲು ಬರೆದಳು. ಅಂಗಡಿ ಬೋರ್ಡು ಬರೆಯುತ್ತಿದ್ದ ಇಮಾಮಸಾಬರು ದಾರ ಹಿಡಿದು ಗೆರೆ ನೆಟ್ಟಗೆ ಮಾಡಿಕೊಟ್ಟರು. ದೀಪಾವಳಿ ಬರುವಷ್ಟರಲ್ಲಿ ಮುಳುಗಿದ ಮನೆಗಳ ಬಾಗಿಲೆಲ್ಲ ಟಾಕಿಯ ಸುತ್ತ ನಿಂತಿದ್ದವು.

ಮುಂದಿನ ಮಳೆಗೆ ಎಲ್ಲವೂ ತೊಳೆದುಹೋಯಿತು. ಹೆಂಗಸರು ಅತ್ತರಂತೆ, ನೀವು ಮಾತ್ರ ನಕ್ಕಿರಂತೆ. ಮತ್ತೆ ಬರೆಯೋಣ, ಆದರೆ ಈ ಸಲ ತನ್ನ ಬಾಗಿಲನ್ನು ತಾನು ಬರೆಯಬಾರದು ಎಂದು ಕಟ್ಟಳೆ ಹಾಕಿದಿರಿ. “ಚೀಟಿ ಎತ್ತಿ ನಮ್ಮನ್ನ ಚೆಲ್ಲಾಪಿಲ್ಲಿ ಮಾಡ್ಯಾರ. ನಾವೂ ಚೀಟಿ ಎತ್ತೇ ಕೂಡೂಣು.” ಈ ಮಾತನ್ನು ನಮ್ಮ ಓಣಿಯಲ್ಲಿ ಮಕ್ಕಳಿಗೆ ಅಂಬೆಗಾಲಿಡುವಾಗಲೇ ಕಲಿಸುತ್ತಿದ್ದರು.

ಆ ಕಟ್ಟಳೆ ಎಷ್ಟು ಕಾಲ ನಡೆಯಿತೆಂದರೆ, ಆಯಿ, ನಾನೂ ಅದನ್ನು ಮಾಡಿದ್ದೇನೆ. ಶ್ರಾವಣ ಮುಗಿದ ಮೊದಲ ಬಿಸಿಲಿಗೆ ಬುಟ್ಟಿಯಲ್ಲಿ ಚೀಟಿ. ಯಾರ ಮನೆ ಬಂತೋ ಆ ಮನೆಗೆ ಹೋಗಬೇಕು, ಕೂತು ಉಣ್ಣಬೇಕು, “ಈ ವರ್ಷ ನಿಮ್ಮ ಮನ್ಯಾಗ ಏನೇನ ಆತು?” ಎಂದು ಕೇಳಬೇಕು. ಅವರು ನಿಜ ಹೇಳಬೇಕು. ಮಗು ಹುಟ್ಟಿದ್ದರೆ ಬಾಗಿಲ ಮೇಲೆ ಗಿಳಿ, ಸಾವಾಗಿದ್ದರೆ ಬಾಗಿಲ ಪಕ್ಕದ ಮಾಡದಲ್ಲಿ ದೀಪ. ಸೊಸೆ ಮುನಿಸಿಕೊಂಡು ತವರಿಗೆ ಹೋಗಿದ್ದರೆ ಹೊಸ್ತಿಲ ಹೊರಗೆ ಒಂದು ಜೊತೆ ಚಪ್ಪಲಿ. ಅದನ್ನು ನೋಡಿ ನಾಚಿಕೊಂಡು ಗಂಡಂದಿರು ಕರೆಯಲು ಹೋದದ್ದುಂಟು. ಜಡ್ಡಿನವರು ಇದ್ದರೆ ಬಾಗಿಲೊಳಗೆ ಮಲಗುವ ಒಂದು ಹೊರಸು. ಹೊರಸನ್ನು ಮಾತ್ರ ಯಾವ ತಿಂಗಳಲ್ಲಾದರೂ, ಯಾರಾದರೂ ಬರೆಯಬಹುದಿತ್ತು. ಬರೆದ ಸಂಜೆಗೇ ಆ ಮನೆಗೆ ಗಂಜಿ ಬರುತ್ತಿತ್ತು, ಜೊತೆಗೆ ನಾಲ್ಕು ಬಿಟ್ಟಿ ಸಲಹೆಯೂ ಬರುತ್ತಿತ್ತು.

ನಮ್ಮ ಕಾಲದ ಬದುಕನ್ನು ಹೇಳದಿದ್ದರೆ ಆ ಗೋಡೆ ನಮಗೇನಾಗಿತ್ತು ಎಂಬುದು ನಿಮಗೆ ತಿಳಿಯಲಾರದು. ನಮ್ಮಲ್ಲಿ ಬೆಳಗಿನ ಹಾಲು ಕಾಯುವ ಹೊತ್ತಿಗೇ ಬಿಸಿಲು ಮೈ ಸುಡುತ್ತದೆ. ಆಗಿನಿಂದ ಇಳಿಹೊತ್ತಿನ ತನಕ ಮುಚ್ಚುಹೊತ್ತು, ಯಾರೂ ಕದ ತೆರೆಯುವಂತಿಲ್ಲ. ಮನೆಗಳಿಗೆ ಹಸಿಗೋಡೆ, ಎಂದರೆ ಪಾಚಿ ಬೆಳೆಸಿ ತಂಪು ಮಾಡಿದ ಗೋಡೆ. ಅದಕ್ಕೆ ಬಣ್ಣ ಸೋಕಿಸಿದರೆ ಪಾಚಿ ಸಾಯುತ್ತದೆ. ನೀರು ಕೊಳವೆಯಲ್ಲಿ ಒಳಗೇ ಬರುತ್ತದೆ, ಕಾಳುಕಡಿ ಕಿಂಡಿಯಲ್ಲಿ ಬೀಳುತ್ತದೆ. ಮನುಷ್ಯ ಮನುಷ್ಯನ ಮುಖ ನೋಡಬೇಕಾದ ಕಾರಣಗಳೆಲ್ಲ ಒಂದೊಂದಾಗಿ ಮುಗಿದಿದ್ದವು. ಟಾಕಿಯಲ್ಲಿ ನೀರು ನಿಂತೇ ಎಷ್ಟೋ ತಲೆಮಾರಾಗಿತ್ತು. ಆದರೂ ಗೋಡೆ ಇತ್ತು, ವರ್ಷ ವರ್ಷ ಕೆಡುತ್ತಿತ್ತು, ನಮ್ಮನ್ನು ಕರೆಯುತ್ತಿತ್ತು.

ಅದನ್ನು ಕಳೆದದ್ದು ಹಗೆಯವರಲ್ಲ, ಅದನ್ನು ಪ್ರೀತಿಸಿದವರು. ಪರಂಪರಾ ಮಂಡಳಿಯವರು ದೂರದಿಂದ ಬಂದು ಗೋಡೆ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಇಂಥದ್ದು ನಾಡಿನಲ್ಲಿ ಇನ್ನೊಂದಿಲ್ಲ, ಇದನ್ನು ಮಳೆಗೆ ಬಿಡುವುದು ಪಾಪ ಎಂದರು. ಅವರ ಹತ್ತಿರ ಅಮರಲೇಪ ಎಂಬುದಿತ್ತು. ಕಣ್ಣಿಗೆ ಕಾಣದ ಒಂದು ಪದರ. ಮೇಲೆ ಹಚ್ಚಿದರೆ ನೀರು ನಿಲ್ಲುವುದಿಲ್ಲ, ಧೂಳು ಕೂರುವುದಿಲ್ಲ, ಇನ್ನೊಂದು ಬಣ್ಣ ಹತ್ತುವುದಿಲ್ಲ. ನಮ್ಮವರು ಹಿಗ್ಗಿದರು. ಗೋಡೆಯ ಮೇಲೆ ಅಷ್ಟು ಜೀವ ಇಟ್ಟವರು ಅದು ಅಳಿಯಲಿ ಎಂದು ಹೇಗೆ ಹೇಳಿಯಾರು? ನಾನಾಗ ಹೆರಿಗೆಗೆ ತವರಿಗೆ ಹೋಗಿದ್ದೆ, ಸಭೆಯ ಸಂಗತಿ ಕೇಳಿ ತಿಳಿದದ್ದು. ಇಮಾಮಸಾಬರ ವಂಶದ ಹುಸೇನಬಿ ಚಿಗವ್ವ ಒಬ್ಬಳೇ ಎದ್ದು ಕೇಳಿದಳಂತೆ: “ಹಂಗಾರ ಮುಂದಿನ ವರ್ಷ ನಾ ಯಾರ ಮನಿಗೆ ಉಣ್ಣಾಕ ಹೋಗ್ಲಿ?” ಆಕೆಯ ಊಟದ ಆಸೆ ಓಣಿಗೆಲ್ಲ ಗೊತ್ತಿದ್ದದ್ದೇ. ಸಭೆ ಗೊಳ್ಳೆಂದು ನಕ್ಕಿತು, ಆಕೆಯೂ ನಕ್ಕು ಕೂತಳು. ಅಲ್ಲಿಗೆ ತೀರ್ಮಾನವಾಯಿತು.

ಅದರ ಮುಂದಿನ ಮಳೆ ನಿಂತಾಗ ಎಲ್ಲರೂ ರೂಢಿಯಂತೆ ಗೋಡೆಯ ಹತ್ತಿರ ಬಂದರು. ಕೆಲವರ ಕೈಯಲ್ಲಿ ಹುರಮಂಜಿನ ಬಟ್ಟಲೂ ಇತ್ತು. ಬಾಗಿಲುಗಳು ಆಗಷ್ಟೇ ಬರೆದಂತೆ ಹೊಳೆಯುತ್ತಿದ್ದವು. ಚಂದ ಐತಿ, ಚಂದ ಐತಿ ಎಂದು ಸ್ವಲ್ಪ ಹೊತ್ತು ನಿಂತರು, ಆಮೇಲೆ ಮುಚ್ಚುಹೊತ್ತಾಯಿತೆಂದು ಮನೆಗೆ ಹೋದರು. ಮರುವರ್ಷ ಬಂದವರು ಕಡಿಮೆ. ಈಗ ಪರಸ್ಥಳದವರು ಬಂದು ನೋಡುತ್ತಾರೆ, ನಾವು ನೋಡುವುದಿಲ್ಲ. ಹೆಣ ಶೃಂಗಾರ ಅರಿಯದು ಎಂಬ ಗಾದೆ ನಿಮ್ಮ ಕಾಲದ್ದೇ ಇರಬೇಕು.

ಈಗ ನನ್ನ ಮಗಳ ಮಾತು ಹೇಳುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಅದನ್ನು ಹೇಳಲು ಧೈರ್ಯವಿಲ್ಲದೆ.

ಆಕೆಯ ಹೆಸರು ಸಂಗಿ. ಲೇಪ ಹಚ್ಚಿದ ಮೇಲೆ ಹುಟ್ಟಿದವಳು. ಅಗಲ ಹಣೆ, ಮೊಂಡು ಮೂಗು, ಮಾತು ಮಾತ್ರ ಗಿರಣಿ. ಇಳಿಹೊತ್ತಿಗೆ ಕದ ತೆರೆದದ್ದೇ ಗೋಡೆಯ ಹತ್ತಿರ ಓಡುತ್ತಿದ್ದಳು, ಬರೆದ ಬಾಗಿಲುಗಳನ್ನು ಒಂದೊಂದಾಗಿ ಬಡಿಯುತ್ತಿದ್ದಳು. “ಯಾಕ ತೆಗೀವಲ್ರು, ಯವ್ವಾ?” ಎಂದು ಕೇಳುತ್ತಿದ್ದಳು. ಒಳಗೆ ಉಣ್ಣಾಕ ಕುಂತಾರ ಎನ್ನುತ್ತಿದ್ದೆ. ಗಿಳಿಗಳ ಕತೆ ನಾನೇ ಹೇಳಿದ್ದೆ, ಹೇಳಬಾರದಿತ್ತೋ ಏನೋ. ನಮ್ಮ ಬಾಗಿಲ ಮುಂದೆ ನಿಂತು ತಲೆ ಎತ್ತಿ ನೋಡಿ, “ನನ್ನ ಗಿಳಿ ಎಲ್ಲೈತಿ?” ಎಂದಳು. ಮೇಯಾಕ ಹೋಗೈತಿ, ಬರತೈತಿ ಎಂದೆ. ಆಮೇಲೆ ದಿನಾ ನೋಡುತ್ತಿದ್ದಳು, ಬಂದಿದೆಯೇ ಎಂದು.

ಕಳೆದ ಬೇಸಿಗೆಯಲ್ಲಿ ಆಕೆಗೆ ಉರಿಜ್ವರ ಬಂತು. ವೈದ್ಯರು ತೆರೆಯ ಮೇಲೆ ನೋಡಿ, ತಂಪಿನಲ್ಲಿಡಿ, ತಂಪಿನಲ್ಲಿಟ್ಟರೆ ಇಳಿಯುತ್ತದೆ ಎಂದರು. ನಮ್ಮ ಹಸಿಗೋಡೆ ಆ ವರ್ಷ ಒಣಗಿಹೋಗಿತ್ತು. ಒದ್ದೆ ಅರಿವೆ ಹಾಕಿದೆವು, ಹಾಕಿದ್ದು ಹಾಕಿದಂತೆ ಒಣಗಿತು. ನನ್ನ ಗಂಡ ತಂಪುಕೋಣೆ ಎಲ್ಲಾದರೂ ಸಿಕ್ಕೀತೇ ಎಂದು ಪೇಟೆಯ ತನಕ ಹೋಗಿ ಬರಿಗೈಯಲ್ಲಿ ಬಂದ. ಮುಚ್ಚುಹೊತ್ತಿನಲ್ಲಿ, ನನ್ನ ತೊಡೆಯ ಮೇಲೆ, ಸಂಗಿ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಪಕ್ಕದ ಮನೆಯ ಬಸಲಿಂಗಪ್ಪ ಕಾಕಾ ಬಂದರು. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಬಾಗಿಲಲ್ಲೇ ನಿಂತು, “ನಮ್ಮ ಮನ್ಯಾಗ ತಂಪುಕೋಣಿ ಐತೆವ್ವಾ. ಖಾಲೀನ ಇತ್ತು. ಕೂಸಿಗೆ ಜಡ್ಡಂತ ನನಗ ತಿಳೀಲೇ ಇಲ್ಲ” ಎಂದರು. ತಂಪುಕೋಣೆ ನಿಮಗ್ಯಾಕ ಬೇಕಾತು ಕಾಕಾ ಎಂದು ಕೇಳಿದೆ. “ನಿಮ್ಮ ಕಾಕು ಸಲುವಾಗಿ ಮಾಡಿಸಿದ್ದೆ. ಆಕಿ ಹೋಗಿ ವರ್ಷಾತಲ್ಲ” ಎಂದರು. ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡದ್ದು ನನಗೆ ಗೊತ್ತಾದದ್ದು ಆಗ. ಅವರನ್ನು ಬೈಯಲು ನನಗೆ ಮುಖವಿರಲಿಲ್ಲ. ಗೋಡೆಯ ಮೇಲೆ ಒಂದು ಹೊರಸು ಬರೆಯುವಂತಿದ್ದರೆ ನನ್ನ ಮಗಳು ಇರುತ್ತಿದ್ದಳು, ಆಯಿ. ನಾಲ್ಕು ಗೆರೆ ಎಳೆದರೆ ಆಗುವ ಹೊರಸು.

ಗುಡ್ಡದ ಅಂಚಿಗೆ ಹೋಗಿ ಹುರಮಂಜು ತಂದೆ. ಅರೆದು, ಕಲಸಿ, ಗೋಡೆಯ ಹತ್ತಿರ ಹೋಗಿ, ನಮ್ಮ ಬಾಗಿಲ ಮೇಲೆ ಗಿಳಿ ಬರೆದೆ. ಕುತ್ತಿಗೆ ಬರೆಯುವಷ್ಟರಲ್ಲಿ ರೆಕ್ಕೆ ಜಾರಿತು. ಮತ್ತೆ ಬರೆದೆ. ಬಸಲಿಂಗಪ್ಪ ಕಾಕಾ ಎಲ್ಲಿಂದ ನೋಡಿದರೋ, ಬಂದು ತಮ್ಮ ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ ಆ ಬಣ್ಣವನ್ನು ತಡೆದು ಹಿಡಿದರು. ನಾನೂ ಒತ್ತಿದೆ. ಬೆರಳ ಸಂದಿಯಿಂದ ಎಲ್ಲವೂ ಇಳಿದು ನೆಲಕ್ಕೆ ಹೋಯಿತು. ಪರಸ್ಥಳದ ಜನ ಅಲ್ಲಿ ನಿಂತು ನೋಡುತ್ತಿದ್ದರು, ಇದೂ ಗೋಡೆಯ ಆಚರಣೆಯೇ ಇರಬೇಕೆಂದು. ಆವತ್ತು ಕಾಕಾ ನಮ್ಮ ಮನೆಯಲ್ಲಿ ಉಂಡು ಹೋದರು. ಅವರಿಗೆ ಉಪ್ಪು ಕಡಿಮೆ ಬೇಕೆಂಬುದು ನನಗೆ ಗೊತ್ತಿರಲಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ನಿಮ್ಮ ಕಾಲದಲ್ಲಿಯೂ ಯಾರಾದರೂ ಒಳ್ಳೆಯವರು ಬಂದೇ ಬರುತ್ತಾರೆ, ಕೈಯಲ್ಲಿ ಡಬ್ಬಿ ಹಿಡಿದು, ಇದು ಮಳೆಗೆ ಜಗ್ಗುವುದಿಲ್ಲ ಅವ್ವ, ಗ್ಯಾರಂಟಿ ಬಣ್ಣ ಎನ್ನುತ್ತಾರೆ. ಅವರಿಗೆ ಚಹಾ ಕೊಟ್ಟು ಕಳಿಸಿ. ನೀವು ಸುಣ್ಣ ಮತ್ತು ಹುರಮಂಜನ್ನೇ ಹಚ್ಚಿ, ಅಂಟು ಕಡಿಮೆ ಹಾಕಿ. ಗೋಡೆ ಕೆಡುತ್ತಿರಲಿ.

ಇನ್ನೊಂದು ಕೆಲಸ. ಟಾಕಿಯ ಮೂಡಣ ಮಗ್ಗಲಿಗೆ, ಮೆಟ್ಟಿಲ ಪಕ್ಕದಲ್ಲಿ, ಎರಡು ಕುದುರೆ ಕೆತ್ತಿದ ಚೌಕಟ್ಟಿನದೊಂದು ಬಾಗಿಲಿದೆಯಲ್ಲ, ಅದು ನಮ್ಮ ಹಿರಿಯರದು. ಈ ವರ್ಷ ಆ ಚೀಟಿ ಯಾರಿಗೆ ಬಂದರೂ ಅವರಿಗೆ ಹೇಳಿ, ಬಾಗಿಲ ಮೇಲೆ ಒಂದು ಗಿಳಿ ಹೆಚ್ಚಿಗೆ ಬರೆಯಲಿ. ಮೊಂಡು ಮೂಗಿನದಾದರೆ ಒಳ್ಳೆಯದು. ಮುಂದಿನ ಮಳೆಗೆ ಅದು ಹೋಗುತ್ತದೆ, ಹೋಗಲಿ. ಅಲ್ಲಿಯ ತನಕ ನೀರಿಗೆ ಬಂದವರಲ್ಲಿ ಯಾರೋ ಒಬ್ಬರು, ಈ ವರ್ಷ ಆ ಮನೆಯಲ್ಲಿ ಕೂಸೇ ಹುಟ್ಟಿಲ್ಲ, ಇದು ಯಾರ ಗಿಳಿ ಎಂದು ಕೇಳುತ್ತಾರೆ.

ಸಂಗಿದು ಅನ್ನಿ, ಆಯಿ.