ವಾಲ್ವಿನ ತಲೆಯ ಮೇಲಿನ ಗೆರೆ

ಟೆನೆಸಿ, ಗುರುವಾರ

ಹಾರ್ಲನ್ ಅಣ್ಣಾ,

ನೀನು ಬಿಟ್ಟುಹೋದ ಕಾರನ್ನು ಈ ಶನಿವಾರದ ರೇಸಿಗೆ ನಿನ್ನ ಮಗಳು ಒಡೆಸ್ಸಾ ಇಳಿಸುತ್ತಾಳೆ. ಹೆಚ್ಚು ಕಸುವು ಬರಲೆಂದು ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ನೀನು ಅರೆಸಿ ತೆಳುವಾಗಿಸಿದ್ದೆಯಲ್ಲ, ಹಾಗಾಗಿ ವಾಲ್ವು ತೆರೆಯುವ ಸಲಾಕೆ, ಆ ಹಳೆಯ ಪುಶ್‌ರಾಡ್, ಈಗ ಅಳತೆಗಿಂತ ಉದ್ದವಾಯಿತು. ಅದನ್ನೇ ಹಾಕಿದರೆ ವಾಲ್ವು ಓರೆಯಾಗಿ ತಿಕ್ಕಿ, ಓಡುವಾಗಲೇ ಇಂಜಿನ್ ಕೆಡುತ್ತದೆ.

ಬಿಡಿಭಾಗದ ಅಂಗಡಿಯ ಕ್ಲೆಟಸ್ ಇದನ್ನು ಒಪ್ಪುವುದಿಲ್ಲ. "ಅಕ್ಕಾ, ಊರೆಲ್ಲ ಇದೇ ಉದ್ದ ಹಾಕೋದು. ನೀವು ಪುಸ್ತಕ ಓದೋದು ಜಾಸ್ತಿಯಾಯ್ತು" ಎಂದ.

"ಊರೆಲ್ಲ ಹಾಕೋದನ್ನೇ ಹಾಕಿದ್ದಕ್ಕೇ ಹಿಂದೆ ರೇಸಲ್ಲಿ ವರ್ನನ್ ಗಾಡಿ ನಡು ಟ್ರ್ಯಾಕಲ್ಲಿ ಕೆಟ್ಟು ಕೂತಿದ್ದು. ಆವತ್ತು ನಿಮ್ಮಪ್ಪನೂ ಹೀಗೇ ಅಂದಿದ್ದ, ನಾನಿನ್ನೂ ಮರ್ತಿಲ್ಲ ಕಣೋ!"

ಉದ್ದ ಹೆಚ್ಚು ಕಡಿಮೆ ಮಾಡಲು ಬರುವಂತೆ ನೀನು ಮಾಡಿಟ್ಟಿದ್ದ ಪುಶ್‌ರಾಡನ್ನು ಕೂಡಿಸಿ, ವಾಲ್ವಿನ ತಲೆಗೆ ಕಪ್ಪು ಶಾಯಿ ಬಳಿದು, ಇಂಜಿನ್ನನ್ನು ಕೈಯಿಂದ ತಿರುಗಿಸಿದೆ. ಮೊದಲು ಶಾಯಿ ಅಂಚಿನಲ್ಲಿ ಅಳಿಸಿತು. ಗಿಡ್ಡ ಮಾಡುತ್ತ ಹೋದೆ. ಕೊನೆಗೆ ನಟ್ಟನಡುವೆ ಸಣ್ಣ ಗೆರೆ ಮೂಡಿತು, ಅಂದರೆ ಉದ್ದ ಸರಿಹೋಯಿತು. ಅದೇ ಅಳತೆಯ ಪುಶ್‌ರಾಡ್‌ಗಳನ್ನು ಬೇರೆ ಊರಿನಿಂದ ತರಿಸುತ್ತಿದ್ದೇನೆ, ನಾಳೆ ಬರುತ್ತವೆ. ಒಡೆಸ್ಸಾಳ ಕಾರು ನಿಲ್ಲುವುದಿಲ್ಲ.

ಮೊದಲೆಲ್ಲ ನೀನು ತಿರುಗಿಸುತ್ತಿದ್ದೆ, ನಾನು ಬಗ್ಗಿ ನೋಡಿ "ಸಾಕು" ಎನ್ನುತ್ತಿದ್ದೆ. ಈಗ ನೀನಿಲ್ಲ; ಇಂದು ನಾನೇ ತಿರುಗಿಸಿ, ಸುತ್ತಿ ಬಂದು ನಾನೇ ನೋಡಬೇಕಾಯಿತು. ಆದರೂ "ಸಾಕು" ಎಂದು ಜೋರಾಗಿಯೇ ಹೇಳಿದೆ.

ನಿನ್ನ ತಂಗಿ,
ವಿಲ್ಮಾ